ಹೆಚ್ಚಾದ ತಾಳಿ

‘ಸಿಕ್ತಾ’ ಎಂದು ಆ್ಯಪಿಗೆ ಹೆಸರಿಟ್ಟವಳು ನಾನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ವಿಜಯ್ ಆ ಹೆಸರು ತನ್ನದೇ ಎಂದು ಕ್ಯಾಂಟೀನಿನಲ್ಲಿ ಹೇಳಿಕೊಂಡು ತಿರುಗುತ್ತಿದ್ದಾನೆ. ಅವನು ಬರೆದದ್ದು ಕೋಡ್. ಚೆನ್ನಾಗಿಯೇ ಬರೆದಿದ್ದಾನೆ, ಇಲ್ಲ ಅನ್ನುವುದಿಲ್ಲ. ಆದರೆ ಪರದೆ ಹೇಗಿರಬೇಕು, ಯಾವ ಬಟನ್ ಎಲ್ಲಿರಬೇಕು, ಅದರ ಮೇಲೆ ಯಾವ ಮಾತಿರಬೇಕು ಎನ್ನುವುದೆಲ್ಲ ನನ್ನ ಪಾಲಿನ ಕೆಲಸ. ಮುಂದೆ ಆದದ್ದೆಲ್ಲ ಆ ಬಟನ್ ಮೇಲಿನ ಮಾತಿನಿಂದಲೇ ಆಯಿತು.

ನಮ್ಮದು ದೊಡ್ಡಬಳ್ಳಾಪುರದ ಹೊರಗಿರುವ ಡಿಗ್ರಿ ಕಾಲೇಜು. ನಾನು, ವಿಜಯ್ ಇಬ್ಬರೂ ಬಿಸಿಎ ಕೊನೆಯ ವರ್ಷ. ಕಾಲೇಜಿನಲ್ಲಿ ಏನಾದರೂ ಕಳೆದರೆ ಹುಡುಕುವ ಸರಿಯಾದ ಜಾಗವೇ ಇರಲಿಲ್ಲ. ಛತ್ರಿ ಸಿಕ್ಕವರು ವಾಚ್‌ಮನ್ ಕೈಗೆ ಕೊಡುತ್ತಿದ್ದರು, ಟಿಫನ್ ಡಬ್ಬಿ ಸಿಕ್ಕವರು ಆಫೀಸಿನ ಬೀರುವಿನ ಮೇಲೆ ಇಡುತ್ತಿದ್ದರು, ಇಯರ್‌ಫೋನ್ ಸಿಕ್ಕವರು ತಮ್ಮ ಕಿವಿಗೇ ಹಾಕಿಕೊಳ್ಳುತ್ತಿದ್ದರು. ಅದಕ್ಕೇ ಪ್ರಾಜೆಕ್ಟಿಗೆ ಈ ಆ್ಯಪ್ ಮಾಡೋಣ ಎಂದು ಹೊರಟೆವು. ತೆರೆದರೆ ಎರಡೇ ಬಟನ್: ಕೆಂಪು ಬಣ್ಣದ್ದರಲ್ಲಿ ‘ಕಳೆದುಹೋಗಿದೆ’, ಹಸಿರು ಬಣ್ಣದ್ದರಲ್ಲಿ ‘ಸಿಕ್ಕಿದೆ’. ಒತ್ತಿ, ಕೆಳಗೆ ವಸ್ತು ಯಾವುದು, ಎಲ್ಲಿ ಎಂದು ಬರೆದರೆ ಮುಗಿಯಿತು. ಇಷ್ಟು ಸುಲಭದ ಆ್ಯಪು ಇಡೀ ತಾಲ್ಲೂಕಿನಲ್ಲಿ ಇಲ್ಲ ಎಂದು ನನಗೆ ಸ್ವಲ್ಪ ಜಂಬವೇ ಇತ್ತು.

ನಮಗೆ ಗೈಡ್ ಆಗಿದ್ದವರು ಉಮಾಶಂಕರ್ ಸರ್. ಅವರ ಹೆಂಡತಿ ಮಮತ ಮೇಡಂ ಅದೇ ಕಾಲೇಜಿನ ಲೈಬ್ರರಿಯಲ್ಲಿ ಇದ್ದಾರೆ. ಬೆಳಿಗ್ಗೆ ಒಂದೇ ಸ್ಕೂಟರಿನಲ್ಲಿ ಬರುತ್ತಾರೆ. ಗೇಟು ದಾಟಿದ ಕೂಡಲೇ ಅವರು ಇವರಿಗೆ ‘ಮೇಡಂ’, ಇವರು ಅವರಿಗೆ ‘ಸರ್’. ಸರ್‌ಗೆ ಈಚೆಗೆ, ಸಂಕ್ರಾಂತಿ ಕಳೆದ ಮೇಲೆ, ಎದೆನೋವು ಬಂದು ಯಲಹಂಕದ ಕಡೆಯ ಆಸ್ಪತ್ರೆಯೊಂದರಲ್ಲಿ ಸ್ಟೆಂಟ್ ಹಾಕಿದ್ದರು. ಹೋದಾಗ ದಪ್ಪಗಿದ್ದವರು ಬಂದಾಗ ಸಣ್ಣಗಾಗಿದ್ದರು, ಕೋಪ ಮಾತ್ರ ಒಂದು ಚೂರೂ ಇಳಿದಿರಲಿಲ್ಲ. ಕೋಪ ಬಂದರೆ ಡಸ್ಟರಿಗೂ ಬೈಯುವ ಮನುಷ್ಯ ಅವರು. ಆದರೂ ಲ್ಯಾಬಿನಲ್ಲಿ ಕರೆಂಟ್ ಹೋದರೆ ತಮ್ಮ ಲ್ಯಾಪ್‌ಟಾಪನ್ನೇ ನಮ್ಮ ಮುಂದೆ ತಳ್ಳಿ, ತಾವು ಕೈಕಟ್ಟಿ ಕೂರುವವರೂ ಅವರೇ.

ಸರ್ ಎರಡು ನಿಯಮ ಹಾಕಿದ್ದರು. ಹುಡುಗಿಯರ ನಂಬರು ಕಂಡಕಂಡವರ ಕಣ್ಣಿಗೆ ಬೀಳಬಾರದು, ಆದ್ದರಿಂದ ಯಾರು ಬರೆದರು ಎಂಬುದು ಆ್ಯಪಿನಲ್ಲಿ ಕಾಣಕೂಡದು. ಇನ್ನೊಂದು, ವಸ್ತುವಿನ ಯಜಮಾನರು ತಾವೇ ಲ್ಯಾಬಿಗೆ ಬಂದು, ಇನ್ನೊಬ್ಬರಿಗೆ ತಿಳಿಯದಂಥ ಗುರುತು ಒಂದನ್ನು ಹೇಳಿ ತೆಗೆದುಕೊಂಡು ಹೋಗಬೇಕು. ಮೊದಲ ವಾರವೇ ಒಂದು ಇಯರ್‌ಫೋನಿಗೆ ಮೂವರು ಯಜಮಾನರು ಹುಟ್ಟಿಕೊಂಡಿದ್ದರಿಂದ ಎರಡನೆಯ ನಿಯಮ ಅವರ ಬಾಯಲ್ಲಿ ಮಂತ್ರವೇ ಆಗಿಹೋಗಿತ್ತು.

ಹುಡುಗರು ಸುಮ್ಮನಿರುತ್ತಾರೆಯೇ? ಒಬ್ಬ ಅಟೆಂಡೆನ್ಸ್ ಕಳೆದುಹೋಗಿದೆ ಎಂದು ಬರೆದ. ಇನ್ನೊಬ್ಬ ಬಿಕಾಂ ಹುಡುಗಿಯೊಬ್ಬಳ ಹೆಸರು ಬರೆಯದೆ, ಬಸ್‌ಸ್ಟ್ಯಾಂಡಿನಲ್ಲಿ ಹೃದಯ ಕಳೆದುಹೋಗಿದೆ ಎಂದ. ನಾನು ಕೂತು ಅವನ್ನೆಲ್ಲ ಅಳಿಸುತ್ತಿದ್ದೆ, ವಿಜಯ್ ಪಕ್ಕದಲ್ಲಿ ಕೂತು ನಗುತ್ತಿದ್ದ. ಹಾಗೆ ಅಳಿಸುತ್ತಿರುವಾಗಲೇ ಒಂದು ಸಂಜೆ ಹಸಿರು ಪಟ್ಟಿಯಲ್ಲಿ ಇದು ಕಂಡಿತು: ‘ಒಂದು ತಾಳಿ ಹೆಚ್ಚಾಗಿದೆ. ಲೈಬ್ರರಿ ಹಿಂದಿನ ನಲ್ಲಿ ಹತ್ತಿರ. ಹಳೆಯದು.’

“ಗುರು, ಹೆಚ್ಚಾಗಿದೆ ಅಂದ್ರೆ ಏನು? ಲೈಬ್ರರಿಲಿ ತಾಳಿ ಲೆಕ್ಕ ಇಟ್ಟಿದ್ರಾ, ಒಂದು ಜಾಸ್ತಿ ಬಂತಾ?” ಎಂದ ವಿಜಯ್.

ನನಗೂ ನಗು ಬಂತು. ಯಾರಿಗೋ ತಾಳಿ ಸಿಕ್ಕಿದೆ, ಪಾಪ ಕನ್ನಡ ಸರಿಯಾಗಿ ಬರೆಯಲು ಬಂದಿಲ್ಲ ಎಂದುಕೊಂಡೆ. ಮಾರನೆಯ ದಿನ ಬೆಳಿಗ್ಗೆ ಕಸ ಗುಡಿಸುವ ಅಕ್ಕಯಮ್ಮ ಲ್ಯಾಬಿಗೆ ಬಂದು, ಪೇಪರಿನಲ್ಲಿ ಸುತ್ತಿದ ಒಂದು ಬಂಗಾರದ ತಾಳಿಯನ್ನು ಸರ್ ಕೈಗೆ ಕೊಟ್ಟರು. ಲೈಬ್ರರಿ ಹಿಂದಿನ ನಲ್ಲಿಯ ಕೆಳಗೆ, ಚರಂಡಿಯ ಬಾಯಲ್ಲಿ ಸಿಕ್ಕಿತಂತೆ. ಅಲ್ಲಿಗೆ ಎಲ್ಲ ಸರಿಹೋಯಿತು. ಹಿಂದಿನ ಸಂಜೆ ಇದನ್ನೇ ನೋಡಿದ ಯಾರೋ ಆ್ಯಪಿನಲ್ಲಿ ಬರೆದಿದ್ದಾರೆ ಎಂದು ನಾವು ತೀರ್ಮಾನ ಮಾಡಿಬಿಟ್ಟೆವು. ಹಾಗೆ ನೋಡಿದವರು ಬಂಗಾರವನ್ನು ಅಲ್ಲೇ ಬಿಟ್ಟು ಹೋಗುತ್ತಾರೆಯೇ ಎಂದು ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಸರ್ ಅದನ್ನು ಅಂಗೈಯಲ್ಲಿಟ್ಟು ನೋಡಿದರು, ಡ್ರಾಯರಿಗೆ ಹಾಕಿ ಬೀಗ ಹಾಕಿದರು. ಆ್ಯಪಿಗೆ ಸಿಕ್ಕ ಮೊದಲ ಬಂಗಾರ. ಅವರ ಮುಖದಲ್ಲಿ ಅಷ್ಟು ಖುಷಿ ನಾನು ನೋಡಿದ್ದು ಆಸ್ಪತ್ರೆಯಿಂದ ಬಂದ ಮೇಲೆ ಅದೇ ಮೊದಲು. ಕ್ಲಾಸ್ ಕ್ಲಾಸಿಗೂ ಹೋಗಿ, ತಾಳಿಯೊಂದು ಸಿಕ್ಕಿದೆ, ಯಾರದೋ ಅವರು ಬಂದು ಗುರುತು ಹೇಳಿ ಎಂದು ಸಾರಿದರು. ಸ್ಟಾಫ್ ರೂಮಿನಲ್ಲೂ ಹೇಳಿದರು. ಯಾರೂ ಬರಲಿಲ್ಲ. ಕೆಂಪು ಪಟ್ಟಿಯಲ್ಲಿ ಛತ್ರಿ ಇತ್ತು, ಕ್ಯಾಲ್ಕ್ಯುಲೇಟರ್ ಇತ್ತು, ಒಂದು ಕಾಲಿನ ಚಪ್ಪಲಿಯೂ ಇತ್ತು. ತಾಳಿ ಕಳೆದುಹೋಗಿದೆ ಎಂದು ಬರೆದವರು ಒಬ್ಬರೂ ಇರಲಿಲ್ಲ.

ಸೋಮವಾರವೂ ಯಾರೂ ಬಾರದೆ ಹೋದಾಗ ಸರ್‌ಗೆ ಸಿಟ್ಟು ಬಂತು. “ಕೊರಳಿಂದ ತಾಳಿ ಬಿದ್ರೂ ಗೊತ್ತಾಗಲ್ಲ ಅಂದ್ರೆ, ಯಾವ ಲೋಕದಲ್ಲಿ ಇರ್ತಾರೆ ಈ ಹೆಂಗಸ್ರು? ಕಟ್ಟಿದೋನ ಗತಿ ಏನು?” ಎಂದು ಕ್ಲಾಸಿನ ನಡುವೆಯೇ ಅಂದರು. ಹುಡುಗರು ನಕ್ಕರು. ನನಗೆ ಮೈ ಉರಿಯಿತು. ಕಟ್ಟಿದವನ ಕೊರಳಲ್ಲಿ ಏನೂ ಇರುವುದಿಲ್ಲ, ಆದ್ದರಿಂದ ಅವನು ಕಳೆಯುವುದೂ ಇಲ್ಲ ಎಂದು ಹೇಳಬೇಕೆಂದು ಬಾಯಿವರೆಗೂ ಬಂದಿತ್ತು. ಪ್ರಾಜೆಕ್ಟಿನ ಮಾರ್ಕ್ಸು ನೆನಪಾಗಿ ನುಂಗಿಕೊಂಡೆ.

ನಮ್ಮ ಊರು ದೊಡ್ಡಬೆಳವಂಗಲ. ಮಂಗಳವಾರ ಬೆಳಿಗ್ಗೆ ಬಸ್ಸಿಗೆ ಓಡುತ್ತಿದ್ದವಳನ್ನು ನಮ್ಮಜ್ಜಿ ಮುನಿಗಂಗಮ್ಮ ದೇವರ ಮನೆಯಿಂದಲೇ ಕೂಗಿ ನಿಲ್ಲಿಸಿದರು. “ಸಿಂಚನಾ, ಕುಂಕುಮ ಹೆಚ್ಚೈತೆ ಕಣವ್ವ. ಬರ್ತಾ ಒಂದು ಪೊಟ್ಣ ತಗಂಬಾ.”

ಸರಿ ಎಂದು ಚಪ್ಪಲಿ ಮೆಟ್ಟಿದವಳು ಹೊಸ್ತಿಲಲ್ಲೇ ನಿಂತುಬಿಟ್ಟೆ. ಅಜ್ಜಿಯ ಕೈಯಲ್ಲಿದ್ದ ಕುಂಕುಮದ ಬಟ್ಟಲಿನ ತಳ ಕಾಣುತ್ತಿತ್ತು. ನಮ್ಮ ಮನೆಯಲ್ಲಿ ಕುಂಕುಮ ಯಾವತ್ತೂ ಮುಗಿಯುವುದಿಲ್ಲ, ಹೆಚ್ಚುತ್ತದೆ. ಬಳೆ ಒಡೆಯುವುದಿಲ್ಲ, ಹೆಚ್ಚುತ್ತದೆ. ಮುಗಿಯಿತು, ಒಡೆಯಿತು, ಹೋಯಿತು ಎಂದು ಮುತ್ತೈದೆತನದ ವಸ್ತುವಿಗೆ ಯಾರೂ ಅನ್ನುವುದಿಲ್ಲ. ಹುಟ್ಟಿದಾಗಿನಿಂದ ಕೇಳಿದ ಮಾತು. ಅಜ್ಜಿಯ ಬಾಯಲ್ಲಿ ಬಂದರೆ ಯೋಚನೆಯನ್ನೇ ಮಾಡದೆ ಅರ್ಥವಾಗುವ ಮಾತು ಫೋನಿನ ಪರದೆಯಲ್ಲಿ, ಹಸಿರು ಬಟನ್ ಕೆಳಗೆ ಕಂಡಾಗ ನನಗೆ ತಪ್ಪು ಕನ್ನಡವಾಗಿ ಕಂಡಿತ್ತು. ತಾಳಿ ಹೆಚ್ಚಾಗಿದೆ ಎಂದು ಬರೆದವರಿಗೆ ತಾಳಿ ಸಿಕ್ಕಿರಲಿಲ್ಲ, ಹೋಗಿತ್ತು.

ಬಸ್ಸಿನಲ್ಲಿ ಕೂತು ಆ್ಯಪಿನ ಹಿಂಬಾಗಿಲು ತೆರೆದೆ. ಬರೆದವರ ನಂಬರು ಹೊರಗೆ ಕಾಣದಿದ್ದರೂ ನಮ್ಮ ಕಡೆ ದಾಖಲಾಗಿರುತ್ತದೆ. ಆ ನಂಬರು ಯಾರದೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಪುಸ್ತಕ ತಡವಾದರೆ ಸಂಪರ್ಕಿಸಿ ಎಂದು ಲೈಬ್ರರಿಯ ಬಾಗಿಲ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿರುವ ನಂಬರೇ ಅದು. ಮಮತ ಮೇಡಂ ನಂಬರು.

ಅಂದರೆ ಸರ್ ತಮ್ಮ ಹೆಂಡತಿಯ ತಾಳಿಯನ್ನೇ ಡ್ರಾಯರಿನಲ್ಲಿಟ್ಟು ಬೀಗ ಹಾಕಿಕೊಂಡು, ಯಾರದಿದು ಎಂದು ಊರೆಲ್ಲ ಕೇಳುತ್ತಿದ್ದರು.

ಲೈಬ್ರರಿಯಲ್ಲಿ ಆ ಹೊತ್ತಿಗೆ ಯಾರೂ ಇರಲಿಲ್ಲ. ಮೇಡಂ ಪುಸ್ತಕಗಳಿಗೆ ಸೀಲ್ ಹಾಕುತ್ತಿದ್ದರು. ಸೆರಗನ್ನು ಕತ್ತಿನ ಸುತ್ತ ಎಳೆದುಕೊಂಡಿದ್ದರು. ಅದು ನಿಮ್ಮದು ತಾನೆ ಎಂದು ನಾನು ಮೆಲ್ಲಗೆ ಕೇಳಿದೆ. ಅವರು ಯಾವುದು ಎಂದು ಕೇಳಲಿಲ್ಲ. ಸೀಲ್ ಕೆಳಗಿಟ್ಟು, ಸೆರಗು ಸರಿಸಿ, ಸರವನ್ನು ಹೊರಗೆ ಎಳೆದು ತೋರಿಸಿದರು. ಸರ ಇತ್ತು. ತಾಳಿ ಮಾತ್ರ ಇರಲಿಲ್ಲ, ಅದರ ಬದಲು ಕೊರಳಿಗೆ ಕಟ್ಟಿಕೊಂಡ ಹಳದಿ ದಾರದಲ್ಲಿ ಒಂದು ಅರಿಶಿನದ ಕೊಂಬಿತ್ತು. ಊಟದ ಡಬ್ಬಿ ತೊಳೆಯಲು ಬಗ್ಗಿದಾಗ ಸವೆದಿದ್ದ ಕೊಂಡಿ ಬಿಟ್ಟುಕೊಂಡಿರಬೇಕು, ಸಂಜೆ ನೋಡಿಕೊಂಡಾಗ ಬರಿ ಸರ. ಕತ್ತಲಾಗುವವರೆಗೂ ನಲ್ಲಿಯ ಹತ್ತಿರ ಹುಡುಕಿದ್ದರಂತೆ.

ಕೆಂಪು ಬಟನ್ ಯಾಕೆ ಒತ್ತಲಿಲ್ಲ ಮೇಡಂ ಎಂದು ಕೇಳಿದೆ. ನನ್ನ ದನಿಯಲ್ಲಿ ಸ್ವಲ್ಪ ಜಗಳವೂ ಇತ್ತು. ಇಷ್ಟು ಸುಲಭದ ಆ್ಯಪು ಮಾಡಿಟ್ಟಿದ್ದೆನಲ್ಲ.

“ಅದ್ರ ಮೇಲೆ ‘ಕಳೆದುಹೋಗಿದೆ’ ಅಂತ ಬರ್ದಿದೀಯಲ್ಲೇ ಸಿಂಚನಾ. ಅದನ್ನ ಒತ್ತಿ, ಕೆಳಗೆ ತಾಳಿ ಅಂತ ಹೆಂಗ್ ಬರೀಲಿ? ಅವ್ರು ಈಗಿನ್ನೂ ಎದ್ದು ಓಡಾಡ್ತಿದಾರೆ. ಕೈ ಬರ್ಲಿಲ್ಲ ಕಣೇ.”

ನಾನು ಆ ಎರಡು ಬಟನ್‌ಗಳಿಗಾಗಿ ವಿಜಯ್ ಜೊತೆ ವಾರಗಟ್ಟಲೆ ಕಿತ್ತಾಡಿದ್ದೆ. ಕೆಂಪು ಎಷ್ಟು ಕೆಂಪಿರಬೇಕು, ಅಕ್ಷರ ಎಷ್ಟು ದಪ್ಪ ಇರಬೇಕು ಎಂದೆಲ್ಲ. ಒತ್ತಲು ಕೈ ಬಾರದವರು ಇರುತ್ತಾರೆ ಎಂದು ತಲೆಗೆ ಬಂದಿರಲಿಲ್ಲ.

ಸರ್‌ಗೆ ಹೇಳಿಬಿಡಿ ಎಂದೆ. ಅದಕ್ಕೆ ಮೇಡಂ ತಲೆ ಅಲ್ಲಾಡಿಸಿದರು. ತಾಳಿ ಸಿಕ್ಕ ದಿನವೇ ಸರ್ ಮನೆಯಲ್ಲಿ ಕಾಫಿ ಕುಡಿಯುತ್ತ ವಿಷಯ ಹೇಳಿ, ಸೋಮವಾರ ಕ್ಲಾಸಿನಲ್ಲಿ ಅಂದದ್ದನ್ನೇ ಅಲ್ಲಿ ಮೊದಲೇ ಅಂದಿದ್ದರಂತೆ. ಸಿಕ್ಕಿತಲ್ಲ ಎಂದು ಇವರಿಗೆ ಜೀವ ಬಂದದ್ದೂ ಆಗಲೇ, ಬಾಯಿ ಕಟ್ಟಿಹೋದದ್ದೂ ಆಗಲೇ. ಲೋಟ ತೊಳೆಯುವ ನೆಪದಲ್ಲಿ ಎದ್ದು ಒಳಗೆ ಹೋಗಿಬಿಟ್ಟರಂತೆ.

“ಬೈತಾರೆ ಅಂತ ಅಲ್ಲ. ಬೈದ್ರೆ ಬೈಸ್ಕೊಂತೀನಿ, ನಂಗೇನು ಹೊಸದಲ್ಲ. ಅವ್ರು ಹೆದರ್ಕೊಂಬಿಡ್ತಾರೆ ಕಣೇ. ಧೈರ್ಯ ಎಲ್ಲಾ ಬಾಯಲ್ಲೇ ಅವ್ರದ್ದು. ಶುಕ್ರವಾರ ಆಸ್ಪತ್ರೇಲಿ ಮೆಷೀನ್ ಮೇಲೆ ಓಡಿಸಿ ಎದೆ ಹೆಂಗಿದೆ ಅಂತ ನೋಡ್ತಾರಂತೆ. ಆ ಹೆದರಿಕೆ ಎದೇಲಿ ಇಟ್ಕೊಂಡು ಓಡ್ಬೇಕಾ ಅವ್ರು?”

ಹಾಗಂತ ಬರಿ ಕೊರಳಲ್ಲಿ ಆ ಆಸ್ಪತ್ರೆಯ ಬಾಗಿಲನ್ನು ಇನ್ನೊಂದು ಸಲ ದಾಟಲು ಅವರಿಗೂ ಧೈರ್ಯವಿರಲಿಲ್ಲ. ಇದೆಲ್ಲ ಮೂಢನಂಬಿಕೆ ಎಂದು ತಾವೇ ಹತ್ತು ಸಲ ಅಂದುಕೊಂಡರಂತೆ, ಆದರೂ ಕೈ ಕೊರಳಿಗೆ ಹೋಗುವುದು ನಿಲ್ಲಲಿಲ್ಲವಂತೆ. ಶುಕ್ರವಾರದೊಳಗೆ ಸದ್ದಿಲ್ಲದೆ ತಂದುಕೊಡಲು ಆಗುತ್ತದೆಯೇ ಎಂದು ನನ್ನ ಕೈ ಹಿಡಿದು ಕೇಳಿದರು. ತಂದುಕೊಡುತ್ತೇನೆ ಎಂದು ಮಾತು ಕೊಟ್ಟುಬಿಟ್ಟೆ. ಹಾಗಾದರೆ ಗುರುತು ಹೇಳಿ ಎಂದದ್ದಕ್ಕೆ ಮಾತ್ರ ಅವರು ಒಪ್ಪಲಿಲ್ಲ. ಗುರುತು ಇದೆ, ಆದರೆ ಅದನ್ನು ಇನ್ನೊಬ್ಬರ ಹತ್ತಿರ ಹೇಳಿ ಕಳಿಸುವುದಕ್ಕಾಗುವುದಿಲ್ಲ ಎಂದರು.

ಸರ್ ಹತ್ತಿರ ಹೋಗಿ ಸುಳ್ಳು ಪೋಣಿಸಿದೆ. ತಾಳಿ ನಮ್ಮ ಊರ ಕಡೆಯವರೊಬ್ಬರದು, ತುಂಬಾ ನಾಚಿಕೆ ಸ್ವಭಾವ, ನನ್ನ ಕೈಯಲ್ಲೇ ಕಳಿಸಿ ಎಂದಿದ್ದಾರೆ ಎಂದೆ. ಸರ್ ಗುರುತು ಕೇಳಿದರು. ನಾನು ಹಳೆಯದು ಸರ್ ಎಂದೆ. ಹಳೆಯದು ಎಂದು ಆ್ಯಪಿನಲ್ಲೇ ಇದೆಯಲ್ಲ ಎಂದರು. ಆಮೇಲೆ ಬೈಗುಳ ಶುರುವಾಯಿತು: ನಿಯಮ ಮಾಡಿದವರೇ ಮುರಿಯಲು ಬಂದರೆ ಆ್ಯಪು ಯಾಕೆ ಬೇಕು, ಬಂಗಾರ ಅಂದರೆ ಇಯರ್‌ಫೋನ್ ಅಲ್ಲ, ನಾಳೆ ಆ ಹೆಂಗಸಿನ ಗಂಡ ಬಂದು ಕೇಳಿದರೆ ನಾನು ಏನು ಉತ್ತರ ಕೊಡಲಿ. ಆ ಹೆಂಗಸಿನ ಗಂಡ ನನ್ನ ಎದುರಿಗೇ ನಿಂತು ಬೈಯುತ್ತಿದ್ದರು. ನಗಬೇಕೋ ಅಳಬೇಕೋ ತಿಳಿಯದೆ ನಾನು ನೆಲ ನೋಡಿದೆ.

ವಿಜಯ್‌ನನ್ನು ಹೊರಗೆ ಎಳೆದುಕೊಂಡು ಹೋಗಿ, ತಾಳಿ ಯಾರದು ಎಂಬುದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳಿದೆ. ಬಟನ್ ಮೇಲಿನ ಮಾತು ಬದಲಾಯಿಸಬೇಕು ಅಂದೆ. ಡೆಮೊ ಹತ್ತಿರ ಬಂದಿದೆ, ಈಗ ಕೈ ಹಾಕಿದರೆ ಎಲ್ಲ ಕೆಡುತ್ತದೆ ಎಂದು ಅವನು ಮೊದಲು ರಾಗ ತೆಗೆದ. ಆಮೇಲೆ ತಾನೇ, “ನಮ್ಮಮ್ಮನೂ ಒತ್ತಲ್ಲ ಕಣೇ ಅದನ್ನ,” ಎಂದ. ಜಗಳವಿಲ್ಲದೆ ನಾವಿಬ್ಬರೂ ಮಾಡಿದ ಕೆಲಸ ಅದೊಂದೇ. ಬುಧವಾರ ಮಧ್ಯಾಹ್ನದ ಹೊತ್ತಿಗೆ ಕೆಂಪು ಬಟನ್ ಹೋಗಿತ್ತು. ಅದರ ಜಾಗದಲ್ಲಿ ನೀಲಿ ಬಣ್ಣದಲ್ಲಿ ‘ಹುಡುಕ್ತಿದೀನಿ’ ಎಂದು ಬಂದಿತ್ತು. ಹಸಿರು ಬಟನ್ ಮೇಲೆ ‘ನನ್ನ ಹತ್ರ ಇದೆ’.

ಲೈಬ್ರರಿಗೆ ಹೋಗಿ ಮೇಡಂಗೆ ತೋರಿಸಿದೆ. ಸರ್ ಹತ್ತಿರ ನನ್ನ ಆಟ ನಡೆಯಲಿಲ್ಲ ಎಂದೂ ಹೇಳಿದೆ. ಕೊಟ್ಟ ಮಾತು ಉಳಿಸಿಕೊಳ್ಳಲಾಗಲಿಲ್ಲ ಎಂದು ನನಗೆ ಅಳುವೇ ಬಂದಿತ್ತು. ಮೇಡಂ ನನ್ನ ಬೆನ್ನು ಸವರಿದರು, ಫೋನನ್ನು ಕೈಗೆ ತೆಗೆದುಕೊಂಡು ನೀಲಿ ಬಟನ್ನನ್ನು ತುಂಬಾ ಹೊತ್ತು ನೋಡಿದರು. ನಾನಿದ್ದಷ್ಟು ಹೊತ್ತು ಒತ್ತಲಿಲ್ಲ.

ಒತ್ತಿದ್ದು ಗುರುವಾರ ಬೆಳಿಗ್ಗೆ. ಸರ್ ಲ್ಯಾಬಿಗೆ ಬಂದವರೇ ಫೋನು ತೋರಿಸಿ, ನೋಡಿದೆಯಾ, ಕೊನೆಗೂ ಬುದ್ಧಿ ಬಂತು ಎಂದರು. ‘ಹುಡುಕ್ತಿದೀನಿ’ ಪಟ್ಟಿಯಲ್ಲಿ ಮೊಟ್ಟಮೊದಲನೆಯದಾಗಿ ಇತ್ತು: ‘ನನ್ನ ತಾಳಿ. ಊಟದ ಹೊತ್ತಿಗೆ ಬಂದು ಗುರುತು ಹೇಳ್ತೀನಿ.’ ಸರ್ ಟೇಬಲ್ ಒರೆಸಿದರು, ಎದುರಿಗೆ ಒಂದು ಕುರ್ಚಿ ಹಾಕಿಸಿದರು. ಬರುವ ಹೆಂಗಸಿಗೆ ಎರಡು ಬುದ್ಧಿಮಾತು ಹೇಳಲು ತಯಾರಾಗಿ ಕೂತರು.

ಊಟದ ಬೆಲ್ ಆಯಿತು. ಮೇಡಂ ಬಾಗಿಲಲ್ಲಿ ನಿಂತರು. ಡಬ್ಬಿ ನನ್ನ ಹತ್ತಿರವೇ ಇದೆಯಲ್ಲ ಮೇಡಂ ಎಂದು ಸರ್ ಕೂತಲ್ಲಿಂದಲೇ ಹೇಳಿದರು.

“ಡಬ್ಬಿಗಲ್ಲ ಸರ್. ತಾಳಿಗೆ ಬಂದೆ.”

ಸರ್ ಕತ್ತು ಉದ್ದ ಮಾಡಿ ಅವರ ಹಿಂದೆ ನೋಡಿದರು. ಆ ಹೆಂಗಸನ್ನು ಇವರು ಜೊತೆಗೆ ಕರೆದುಕೊಂಡು ಬಂದಿದ್ದಾರೆ ಎಂದುಕೊಂಡಿರಬೇಕು. “ಎಲ್ಲಿ ಅವ್ರು?” ಎಂದು ಕೇಳಿದರು.

“ನಾನೇ,” ಎಂದರು ಮೇಡಂ.

ಸರ್ ನಕ್ಕರು. ನಗು ಅರ್ಧಕ್ಕೆ ಬರುವಷ್ಟರಲ್ಲಿ ಮೇಡಂ ಮುಖ ನೋಡಿ ನಿಲ್ಲಿಸಿದರು. ಬೀಗದ ಕೈ ಎರಡು ಸಲ ಕೈಯಿಂದ ಜಾರಿತು. ಡ್ರಾಯರ್ ತೆಗೆದು, ಪೇಪರ್ ಬಿಡಿಸಿ, ತಾಳಿಯನ್ನು ಅಂಗೈಯಲ್ಲಿಟ್ಟುಕೊಂಡು ಕೂತರು. ಒಂದು ವಾರ ದಿನಕ್ಕೊಂದು ಸಲ ಅದನ್ನು ತೆಗೆದು ನೋಡಿ ಒಳಗಿಟ್ಟವರು ಅವರು. ಕಟ್ಟಿದ್ದೂ ಅವರೇ.

ಗುರುತು ಸಿಗಲಿಲ್ಲವಲ್ಲ ನನಗೆ ಎಂದು ಕೊನೆಗೆ ತಮಗೇ ಹೇಳಿಕೊಂಡರು. ನನಗೆ ಅವರ ಮೇಲಿದ್ದ ಸಿಟ್ಟೆಲ್ಲ ಆ ಒಂದು ಮಾತಿಗೆ ಇಳಿದುಹೋಯಿತು.

ಕಟ್ಟಿದ್ದು ಒಂದು ಸಲ, ಆಮೇಲೆ ಅದು ಸೆರಗಿನೊಳಗೇ ಇತ್ತು, ನಿಮಗೆ ಹೇಗೆ ಸಿಗಬೇಕು ಎಂದು ಮೇಡಂ ಅವರಿಗೇ ಸಮಾಧಾನ ಹೇಳಿದರು. ಹಾಕಿಸಿದ್ದ ಕುರ್ಚಿಯಲ್ಲಿ ಕೂತರು. “ಗುರುತು ಕೇಳಿ. ನಿಮ್ದೇ ನಿಯಮ.”

ಸರ್ ಕೇಳುವವರೆಗೂ ಕಾಯದೆ ಮೇಡಂ ತಾವೇ ಹೇಳಿದರು.

“ಕೆಳಗಿನ ಅಂಚಲ್ಲಿ ಹಲ್ಲಿನ ಗುರುತಿದೆ, ನೋಡಿ. ಅವತ್ತು ಆಸ್ಪತ್ರೇಲಿ ನಿಮ್ಮನ್ನ ಒಳಗೆ ಕರ್ಕೊಂಡೋಗಿ ಬಾಗ್ಲು ಹಾಕ್ಕೊಂಡ್ರಲ್ಲ, ಹೊರಗೆ ಅಷ್ಟು ಜನ ಇದ್ರು. ಅಳು ಹೊರಗೆ ಬರ್ಬಾರ್ದು ಅಂತ ಇದನ್ನ ಕಚ್ಕೊಂಡು ಕೂತಿದ್ದೆ. ಬಾಗ್ಲು ತೆಗೆಯೋವರ್ಗೂ ಬಿಡ್ಲಿಲ್ಲ.”

ಸರ್ ಕನ್ನಡಕ ಹಾಕಿಕೊಂಡು, ತಾಳಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಹೆಬ್ಬೆರಳಿನಿಂದ ಅಂಚನ್ನು ಒಂದು ಸಲ, ಇನ್ನೊಂದು ಸಲ ಸವರಿದರು. ವಿಜಯ್ ನನ್ನ ತೋಳು ಎಳೆದ. ಇಬ್ಬರೂ ಅವರಿಗೆ ಬೆನ್ನು ಹಾಕಿ, ಏನೋ ಮಹಾ ಕೆಲಸವಿದ್ದವರಂತೆ ಕಂಪ್ಯೂಟರಿನ ಮುಂದೆ ಕೂತೆವು. ನಾನೇನೂ ಸಾಧ್ವಿಯಲ್ಲ, ಆಫ್ ಆಗಿದ್ದ ಮಾನಿಟರಿನ ಕಪ್ಪು ಗಾಜಿನಲ್ಲಿ ಎಲ್ಲ ಕಾಣುತ್ತಿತ್ತು, ನೋಡಿದೆ. ಮೇಡಂ ಕುರ್ಚಿಯಲ್ಲಿ ತಿರುಗಿ ಕೂತು, ಜಡೆಯನ್ನು ಮುಂದಕ್ಕೆ ಹಾಕಿಕೊಂಡರು. ಸರ್ ಅರಿಶಿನದ ಕೊಂಬನ್ನು ಬಿಚ್ಚಿ, ಅದೇ ಹಳದಿ ದಾರಕ್ಕೆ ತಾಳಿ ಪೋಣಿಸಿದರು. ಮೊದಲ ಗಂಟಿಗೆ ಬಹಳ ಹೊತ್ತು ಹಿಡಿಯಿತು. ನಿಧಾನ, ಅವಸರ ಇಲ್ಲ ಎಂದು ಮೇಡಂ ತಿರುಗದೆಯೇ ಹೇಳಿದರು.

ಎರಡನೆಯ ಗಂಟು ಹಾಕಿ ಸರ್ ನಿಂತುಬಿಟ್ಟರು. ಅವರ ದನಿ ನಾನು ಯಾವತ್ತೂ ಕೇಳದಷ್ಟು ಸಣ್ಣದಾಗಿತ್ತು.

“ಬಂಗಾರಕ್ಕೆ ಗುರುತು ಬೀಳೋ ಹಂಗೆ ಕಚ್ಚಿದೀಯಲ್ಲ ಮಮತಾ. ಹಲ್ಲು ನೋವಾಗ್ಲಿಲ್ವಾ?”

“ಅವತ್ತು ಗೊತ್ತಾಗ್ಲಿಲ್ಲ ರೀ,” ಎಂದರು ಮೇಡಂ. “ನೀವು ಮನೆಗೆ ಬಂದ್ಮೇಲೆ ನೋವಾಯ್ತು.”